ನಮ್ಮೂರ ಸ್ಕೂಲು ಮುಚ್ಚದೆ ಉಳ್ಕಂಡಿದ್ದು ಎಂಗೆ ಅಂದ್ರೆ

ಅಕ್ಕ, ಆ ಬಾಗ್ಲ ವಸಿ ಮುಂದಕ್ಕೆ ತಳ್ಳು. ಮೊದ್ಲು ನಿನ್ನ ಮಕ್ಕಳ ಮೇಲೆ ಆಣೆ ಇಡು, ಯಾರ್ಗೂ ಯೋಳಲ್ಲ ಅಂತ. ನಾನೂ ಇದುವರ್ಗೂ ಬಾಯಿ ಬಿಟ್ಟಿಲ್ಲ ಕಣಕ್ಕ. ಹಾಲಿನ ಡೈರಿ ಮುಂದೆ ಯೋಳಿದ್ದು ಬಿಡು, ಅಲ್ಲಿ ಎಲ್ರೂ ನಮ್ಮೋರೆ.

ನೀನು ಊರಿಗೆ ಒಸಬಳು, ಅದ್ಕೇ ಯೋಳ್ತಿರೋದು. ನಮ್ಮನೆ ಗ್ವಾಡೆನೂ ಸ್ಕೂಲ್ ಗ್ವಾಡೆನೂ ಒಂದೇ. ಎಮ್ಮೆ ಮೇಯ್ಸಕ್ಕೆ ಅಂತ ನಮ್ಮವ್ವ ಮೂರನೇ ಕ್ಲಾಸ್ಗೇ ನನ್ನ ಬಿಡಿಸ್ಬುಟ್ಳು. ಆದ್ರೂ ಗ್ವಾಡೆ ಈಚೆ ಕುಂತು ಕೇಳಿ ಕೇಳಿ ಏಳನೇ ಕ್ಲಾಸ್ ತಂಕ ಓದಿವ್ನಿ ಅನ್ಕೊ. ಅಲ್ಲಿ ಒಂದಲ್ಲ ಒಂದು ನಡೀತಾನೇ ಇರ್ತದೆ.

ಜೇಬಲ್ಲಿದ್ದ ಟೈ

ನಂಜನಗೂಡಿಂದ ಕಾನ್ವೆಂಟ್ ವ್ಯಾನ್ ಬರಾಕೆ ಸುರು ಆದ್ಮೇಲೆ ನಮ್ಮ ಸರ್ಕಾರಿ ಸ್ಕೂಲಲ್ಲಿ ಮಕ್ಕಳು ಸವೀತಾ ಬಂದ್ವು. ಮಕ್ಕಳಿಲ್ಲ ಅಂದ್ರೆ ಸ್ಕೂಲ್ ಮುಚ್ತೀವಿ ಅಂತ ಆಫೀಸಿಂದ ಮಾತು ಬಂತು. ಮುಚ್ಚುದ್ರೆ ನನ್ನ ಮೊಮ್ಮಗಳಂಥ ಚಿಕ್ಕವೆಲ್ಲ ಮೈನ್ ರೋಡ್ ದಾಟಿ ಪಕ್ಕದೂರಿಗೆ ಓಗ್ಬೇಕು. ಆ ರೋಡಲ್ಲಿ ನರಸೀಪುರದ ಕಡೆಯಿಂದ ಮರಳು ಲಾರಿಗಳು ಎಂಗೆ ಬತ್ತವೆ ಅಂತ ನೋಡಿದ್ದೀಯಲ್ಲ!

ಹೆಡ್‌ಮೇಷ್ಟ್ರು ಮನೆಮನೆಗೆ ಬಂದ್ರು. ಎದುರುಮನೆಯೋಳ ಜಗಲಿ ಮೇಲೆ ಕುಂತು, "ನೋಡಮ್ಮ, ಸರ್ಕಾರಿ ಸ್ಕೂಲಲ್ಲಿ ಓದಿದೋರೇ ಡೀಸಿ ಆಗವ್ರೆ. ಆ ಕಾನ್ವೆಂಟಲ್ಲಿ ಏನದೆ? ಟೈ ಕಟ್ತಾರೆ. ಟೈ ಕಟ್ಟೋದು ಕುತ್ಗೆಗೆ, ತಲೆಗಲ್ಲ" ಅಂತ ಬುದ್ಧಿ ಯೋಳ್ತಾವ್ರೆ. ಅವಳೂ ಹೂಂ ಹೂಂ ಅಂತಾವ್ಳೆ.

ಅಷ್ಟ್ರಲ್ಲಿ ವ್ಯಾನ್ ಬಂದು ನಿಂತ್ಕತು. ಕಿಟಕಿಯಿಂದ ಒಂದು ಹೆಣ್ಣುಮಗ ಕೂಗ್ತು: "ಅಪ್ಪಾ, ನನ್ನ ಟೈ ನಿಮ್ಮ ಜೇಬಲ್ಲೇ ಅದೆ!"

ಮೇಷ್ಟ್ರು ಜೇಬಿಂದ ಟೈ ತೆಗುದು ಮಗಳಿಗೆ ಕೊಟ್ರು. ಎದುರುಮನೆಯೋಳು ಕೇಳುದ್ಲು: "ಸಾ, ಆ ವ್ಯಾನ್ನೋರ ಫೋನ್ ನಂಬರ್ ನಿಮ್ತವ ಅದಾ?"

ಮಲಗೋ ಕ್ಲಾಸು

ಆಮೇಲೆ ಎಷ್ಟು ಮಕ್ಕಳವೆ ಅಂತ ಆಫೀಸಿನ ಸಣ್ಣ ಸಾಹೇಬ್ರು ನೋಡಕ್ಕೆ ಬತ್ತಾರೆ ಅಂತಾಯ್ತು. ಮೇಷ್ಟ್ರು ಪಕ್ಕದ ಅಂಗನವಾಡಿಗೆ ಓಗಿ, ಸಕ್ಕರೆ ಸಾಲ ಕೇಳ್ದಂಗೆ ಮಕ್ಕಳನ್ನ ಕೇಳಿದ್ರು. ಅಂಗನವಾಡಿ ಮಿಸ್ಸು, "ತಗೊಂಡೋಗಿ ಸಾ, ಮೂಗು ಒರೆಸಿ ವಾಪಸ್ ಕೊಡಿ" ಅಂದ್ರು.

ಬೆಳಗ್ಗೆ ಎಲ್ಲ ಚೆನ್ನಾಗೇ ನಡೀತು. ಆದ್ರೆ ಅಂಗನವಾಡಿಲಿ ಉಂಡ ತಕ್ಷಣ ಮಲಗ್ಸೋದು ವಾಡಿಕೆ ಅಲ್ವಾ? ಬಿಸಿಯೂಟ ಆಯ್ತು, ಕೈ ತೊಳ್ದ್ವು, ಒಂದನೇ ಕ್ಲಾಸ್ ಅಂತ ಕೂರ್ಸಿದ್ದ ಮಕ್ಕಳೆಲ್ಲ ಸಾಲಾಗಿ ನೆಲದ ಮೇಲೆ ಮಲ್ಗೇ ಬುಟ್ವು. ಸಾಹೇಬ್ರು ಬಾಗ್ಲಲ್ಲಿ ನಿಂತು, "ಇದೇನ್ರೀ ಮೇಷ್ಟ್ರೇ?" ಅಂದ್ರು.

"ಯೋಗ ಸಾ. ಶವಾಸನ."

ಒಂದು ಮಗ ಗೊರಕೆ ಹೊಡೀತು. ಇನ್ನೊಂದು ಕಣ್ಣು ಮುಚ್ಕಂಡೇ, "ಮಿಸ್, ಬೆನ್ನು ತಟ್ಟಿ" ಅಂತು. ಸಾಹೇಬ್ರು ನಗು ತಡೀಲಾರದೆ, "ನಾನೇನೋ ನಂಬ್ದೆ. ದೊಡ್ಡ ಸಾಹೇಬ್ರು ಬತ್ತಾವ್ರೆ, ಮುಚ್ಚೋದೋ ಬಿಡೋದೋ ಅವ್ರ ಕೈಲದೆ. ಅವ್ರು ಬಂದಾಗ ಬೇರೆ ಆಸನ ಹಾಕ್ಸಿ" ಅಂತಂದು ಹೊರಟೋದ್ರು.

ಎಡೆ ಉಂಡೋರು

ದೊಡ್ಡ ಸಾಹೇಬ್ರು ಬಂದಿದ್ದು ಬುಧವಾರ. ಅವತ್ತೇ ನಮ್ಮೂರ ಪಕ್ಷ. ಸತ್ತ ಹಿರೀಕರ ಫೋಟೋ ಮುಂದೆ ಬಾಡೂಟ ಬಡ್ಸಿ ಎಡೆ ಇಕ್ಕೋ ದಿನ. ಎಡೆಗೆ ಕೈ ಮುಗಿಯೋ ತಂಕ ನಮ್ಮಲ್ಲಿ ಮಕ್ಕಳು ಹೊಸ್ಲು ದಾಟಂಗಿಲ್ಲ. ಸ್ಕೂಲಲ್ಲಿ ಒಂದು ನರಪಿಳ್ಳೆ ಇಲ್ಲ. ಮೇಷ್ಟ್ರು ನಮ್ಮ ಬಾಗ್ಲಲ್ಲಿ ಕುಸ್ದು ಕುಂತ್ಬುಟ್ರು. "ಇವತ್ತಿಗೆ ಸ್ಕೂಲ್ ಮುಗೀತು ಕಣಮ್ಮ."

"ಎಡೆ ಬಿಟ್ಟು ಮಕ್ಕಳು ಬರಲ್ಲ ಸಾ. ಎಡೆನೇ ಸ್ಕೂಲಿಗೆ ತರಾವ" ಅಂದೆ ನಾನು.

ಸ್ಕೂಲ್ ಗ್ವಾಡೆ ಮೇಲೆ ಹಳೇ ಮೇಷ್ಟ್ರೊಬ್ರ ಫೋಟೋ ಇತ್ತು. ಗುಂಗುರು ಕೂದ್ಲು, ಕಡ್ಡಿ ಮೀಸೆ. ಊರಿಗೆಲ್ಲ ಅಕ್ಷರ ಕಲ್ಸಿ ತಲಕಾಡಿನ ಕಡೆಗೆ ವರ್ಗ ಆಗಿದ್ದೋರು. ಅವ್ರು ತೀರ್ಕಂಡ್ರಂತೆ ಅಂತ ಬಸ್ಸಲ್ಲಿ ಯಾರೋ ಅಂದಿದ್ರು, ನಾನು ಊರಿಗೆ ಮುಟ್ಸಿದ್ದೆ. ಆ ಪುಣ್ಯಾತ್ಮಂಗೆ ಎಡೆ ಇಕ್ಕೋದು ನ್ಯಾಯವೇ ಅಂತ ಎಲ್ರೂ ಒಪ್ಪುದ್ರು. ಫೋಟೋಗೆ ಸೇವಂತಿಗೆ ಹಾರ ಹಾಕಿ, ಬಾಳೆಲೆ ಮೇಲೆ ಮುದ್ದೆ, ಬಾಡಿನ ಸಾರು, ಕಜ್ಜಾಯ ಬಡ್ಸುದ್ವು. ಪಕ್ಷಕ್ಕೆ ಅಂತ ಮನೇಲೇ ಉಳ್ದಿದ್ದ ಕಾನ್ವೆಂಟ್ ಮಕ್ಕಳೂ ವಾಸನೆ ಹಿಡ್ದು ಬಂದ್ವು, ಹೆಡ್‌ಮೇಷ್ಟ್ರ ಮಗಳೂ ಬಂದ್ಳು. ಸ್ಕೂಲ್ ತುಂಬೋಯ್ತು.

ಜೀಪ್ ಬಂತು. ಇಳ್ದೋರು ಬೊಕ್ಕತಲೆ, ದಪ್ಪ ಕನ್ನಡಕದೋರು. ಮಕ್ಕಳನ್ನ ನೋಡಿ ಖುಷಿಪಟ್ರು. ಗ್ವಾಡೆ ನೋಡಿ ನಿಂತ್ಬುಟ್ರು. ನಮ್ಮ ಹೆಡ್‌ಮೇಷ್ಟ್ರು ಕೈ ಕಟ್ಕಂಡು, "ಹಿಂದೆ ಇಲ್ಲಿದ್ದ ಮೇಷ್ಟ್ರು ಸಾ. ಬಂಗಾರದಂಥ ಮನುಷ್ಯ, ಪಾಪ ಹೋಗ್ಬಿಟ್ರು" ಅಂದ್ರು.

ಸಾಹೇಬ್ರು ಬೊಕ್ಕತಲೆ ಸವರ್ಕಂಡು ಕೇಳಿದ್ರು: "ಯಾವಾಗ್ರೀ ಹೋದೆ ನಾನು?"

ಒಂದು ಅಜ್ಜಿ ಹತ್ರ ಓಗಿ ಮುಖ ದಿಟ್ಟಿಸಿ ನೋಡಿ, "ಅಯ್, ನಮ್ಮ ಹಳೇ ಮೇಷ್ಟ್ರೇ ಕಣ್ರೋ, ಸಾಹೇಬ್ರಾಗವ್ರೆ! ಕುಂತ್ಕಳಿ ಸಾ, ನಿಮ್ಮ ಎಡೆ ಆರೋಯ್ತದೆ" ಅಂತು. ಅವ್ರು ಶೂ ಬಿಚ್ಚಿ, ಅವ್ರ ಫೋಟೋ ಮುಂದೆ ಅವ್ರೇ ಚಕ್ಕಂಬಕ್ಲು ಹಾಕಿ ಕುಂತ್ರು. ಎಡೆ ಇಕ್ಕುದ್ರೆ ಸತ್ತೋರು ಬಂದು ಉಣ್ತಾರೆ ಅಂತಾರಲ್ಲ, ನಾವು ಕಣ್ಣಾರೆ ನೋಡ್ದೊ ಕಣಕ್ಕ. ಜೀಪಲ್ಲಿ ಬಂದು, ಇನ್ನೊಂದ್ಸಲ ಸಾರು ಬಿಡಿಸ್ಕಂಡು ಉಂಡ್ರು!

ಹೆಡ್‌ಮೇಷ್ಟ್ರು ಸಾರಿನ ಸೌಟು ಹಿಡ್ಕಂಡೇ ಕೇಳಿದ್ರು, "ಸಾ, ಸ್ಕೂಲು...?"

"ಮುಚ್ಚಿದ್ರೆ ಬರೋ ವರ್ಷ ನಂಗೆ ಎಡೆ ಇಕ್ಕೋರು ಯಾರ್ರೀ? ಆದ್ರೆ ಇವತ್ತು ಕೂತಿರೋ ಮಕ್ಕಳೆಲ್ಲ ನಾಳೆನೂ ಇಲ್ಲೇ ಕೂತಿರ್ಬೇಕು."

ಮಾರನೇ ದಿನ ಎಲ್ರಿಗಿಂತ ಮೊದ್ಲು ಬಂದೋಳು ಹೆಡ್‌ಮೇಷ್ಟ್ರ ಮಗಳು. ಟೈ ಇರ್ಲಿಲ್ಲ.

ಅವತ್ತಿಂದ ಪ್ರತಿ ಪಕ್ಷಕ್ಕೂ ಸಾಹೇಬ್ರು ಬಂದು ಅವ್ರ ಎಡೆ ಉಂಡೋಯ್ತಾರೆ. ಉಂಡು ಕೈ ತೊಳೀತಾ ಒಂದೇ ಮಾತು: "ಅದ್ಸರಿ, ನನ್ನ ಸಾಯ್ಸುದ್ದು ಯಾರು?" ಯಾರೂ ಬಾಯಿ ಬಿಟ್ಟಿಲ್ಲ. ಅದ್ಕೇ ನಿಂಗೆ ಆಣೆ ಇಡಿಸಿದ್ದು. ಇವತ್ತೂ ಪಕ್ಷ ಅಲ್ವಾ, ಸ್ಕೂಲಲ್ಲಿ ಉಣ್ತಾ ಇರ್ಬೇಕು ಈಗ.

ತಾಳು, ಅದೇನು ಸದ್ದು? ಕಿಟಕೀಲಿ ನೋಡು. ಸಾಹೇಬ್ರಾ? ಜೊತೇಲಿ ಹಾಲಿನ ಡೈರಿಯೋನಾ? ಅಯ್ಯೋ, ನಮ್ಮ ಮನೆ ಕಡೆಗೇ ಕೈ ತೋರ್ತಾವ್ನಲ್ಲಕ್ಕ! ನಾನು ಹಿತ್ಲ ಬಾಗ್ಲಿಂದ ಓಯ್ತೀನಿ. ನನ್ನ ಕೇಳುದ್ರೆ, ತೀರ್ಕಂಡ್ಲು ಅನ್ನು!