ಕೆಂಪು ಶಾಯಿಯ ಬದನೆಕಾಯಿ

ನಮ್ಮ ಮನೆಗೆ ಕಾಯಿಲೆ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ನಗೆಪಾಟಲು ಬರುತ್ತದೆ. ಹಾಗಾಗಿ ನಾನು ಎಲ್ಲವನ್ನೂ ಬರೆದಿಡುತ್ತೇನೆ: ಯಾರಿಗೆ ಯಾವ ಜ್ವರ, ಯಾವ ಮಾತ್ರೆ, ಆ ದಿನ ಊಟಕ್ಕೆ ಏನು. ಓದಿದ ಬಿ.ಎಸ್ಸಿ. ಅರಸೀಕೆರೆಯ ಒಲೆಯ ಮುಂದೆ ವ್ಯರ್ಥವಾಗಬಾರದಲ್ಲ! ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯ ಒಂದೇ ಸಾಲಿದೆ: "ಯಜಮಾನರಿಗೆ ಬದನೆಕಾಯಿ ಆಗದು." ಎಂಟು ವರ್ಷದ ಹಿಂದೆ ವಾಂಗೀಭಾತು ತಿಂದ ದಿನವೇ ಅವರಿಗೆ ಮೈತುಂಬ ದದ್ದು ಎದ್ದಿತ್ತು. ಇನ್ನೊಮ್ಮೆ ಹಾಗಾಗಬಾರದೆಂದು ಅಂದಿನಿಂದ ಬದನೆಕಾಯಿ ನಮ್ಮ ಹೊಸಿಲು ದಾಟಿಲ್ಲ.

೧. ಉಪವಾಸ

ಹಾರನಹಳ್ಳಿಯಲ್ಲಿ ದೇವಸ್ಥಾನದ ಪೂಜೆ ಮಾಡುವ ನನ್ನ ಮೈದುನನಿಗೆ ಹಲ್ಲಿನ ಬುಡ ಕೀವಾಗಿ ಕೆನ್ನೆ ಬನ್ನಿನಂತೆ ಊದಿತು. ಡಾಕ್ಟರು ಕೀವು ತೆಗೆದು, ಅಮಾಕ್ಸಿಸಿಲಿನ್ ಕ್ಯಾಪ್ಸೂಲನ್ನು ದಿನಕ್ಕೆ ಮೂರರಂತೆ ಐದು ದಿನ ನುಂಗಲು ಹೇಳಿದರು. ಇವನು ಎರಡೇ ದಿನಕ್ಕೆ ನಿಲ್ಲಿಸಿದ. ಫೋನಿನಲ್ಲಿ ವಿಚಾರಿಸಿದೆ.

"ಇವತ್ತು ಏಕಾದಶಿ ಅತ್ತಿಗೆ."

"ಹಲ್ಲಿನೊಳಗಿನ ಕ್ರಿಮಿ ಏಕಾದಶಿ ಮಾಡುತ್ತೇನಪ್ಪಾ?"

"ನನ್ನ ಬಾಯಲ್ಲೇ ತಾನೆ ಅದರ ವಾಸ? ನಾನು ತಿನ್ನದಿದ್ರೆ ಅದಕ್ಕೆಲ್ಲಿಂದ ಬರುತ್ತೆ? ಮಾಡ್ಲೇಬೇಕು!"

೨. ಹಂಚಿಕೆ

ಊತ ಇಳಿಯಿತು, ಒಂಬತ್ತು ಕ್ಯಾಪ್ಸೂಲ್ ಉಳಿದವು. ಬಿಸಾಡಲು ಅವನಿಗೆ ಮನಸ್ಸು ಬರಲಿಲ್ಲ. ಕೈಗೆ ಬಂದದ್ದನ್ನು ಹಂಚಿಯೇ ಅಭ್ಯಾಸ. ಸೊಂಟ ನೋವೆಂದ ಹೂವಿನವಳಿಗೆ ಮೂರು, ಕೆಮ್ಮುತ್ತಿದ್ದ ಪಕ್ಕದ ಮನೆಯವರಿಗೆ ಮೂರು. ಮಿಕ್ಕ ಮೂರನ್ನು ಕಾಗದದಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ಬಂದ. ನಾನು ಬಾಣಾವರಕ್ಕೆ ನಾಮಕರಣಕ್ಕೆಂದು ಹೋಗಿದ್ದೆ. ನಮ್ಮವರಿಗೆ ನೆಗಡಿ. ತಮ್ಮ ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಒಂದನ್ನು ನುಂಗಿಯೇಬಿಟ್ಟರು.

ನಾನು ಬಂದವಳೇ ಪುಸ್ತಕ ತೆರೆದು, "ಯಾವ ಮಾತ್ರೆ ಅದು?" ಎಂದೆ.

ನಲವತ್ತು ವರ್ಷ ಮೇಷ್ಟ್ರಾಗಿ ಮಕ್ಕಳಿಗೆ ಪಾಠ ಹೇಳಿದ ನಮ್ಮವರು ಹೇಳಿದರು: "ಹೆಸರು ಕೇಳಿ ಯಾರಾದ್ರೂ ಪ್ರಸಾದ ತಿಂತಾರೇನೆ?"

೩. ತೀರ್ಪು

ಅವರು ಹಾಗೆನ್ನುತ್ತಿದ್ದಂತೆಯೇ ಕುತ್ತಿಗೆಯ ಮೇಲೆ ದದ್ದು ಕಂಡಿತು. ಆಮೇಲೆ ತುಟಿ ಊದತೊಡಗಿತು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಯಜಮಾನರು, ಆಟೋ ಹತ್ತಿ ಡಾಕ್ಟರಮ್ಮನ ಹತ್ತಿರ ಓಡಿದೆ. ಅವರು ತಕ್ಷಣ ಇಂಜೆಕ್ಷನ್ ಕೊಟ್ಟು, ಉಸಿರಾಟ ನೋಡಿ, "ಇವರ ಮೈಗೆ ಆಗದ್ದು ಏನಾದ್ರೂ ಇದೆಯಾ?" ಎಂದರು.

"ಬದನೆಕಾಯಿ," ಎಂದೆ.

"ಇವತ್ತು ತಿಂದ್ರಾ?"

"ಎಂಟು ವರ್ಷದಿಂದ ಕಣ್ಣಲ್ಲೂ ನೋಡಿಲ್ಲ," ಎಂದು ನಮ್ಮವರು ಊದಿದ ತುಟಿಯಲ್ಲೇ ನಿಟ್ಟುಸಿರಿಟ್ಟರು.

ಡಾಕ್ಟರಮ್ಮ ನಾನು ತಂದಿದ್ದ ಕಾಗದದ ಪೊಟ್ಟಣ ಬಿಚ್ಚಿ, ಮಿಕ್ಕ ಎರಡು ಕ್ಯಾಪ್ಸೂಲಿನ ಹೆಸರು ನೋಡಿ, ಪುಸ್ತಕ ತಿರುವಿ ಹಳೆಯ ದದ್ದಿನ ಪುಟ ಹುಡುಕಿದರು. ಅಲ್ಲಿ ವಾಂಗೀಭಾತಿನ ಸಾಲಿನ ಮೇಲೆಯೇ ನನ್ನದೇ ಅಕ್ಷರ ನೀಲಿಯಲ್ಲಿತ್ತು: "ಕಿವಿನೋವಿಗೆ ಅಮಾಕ್ಸಿಸಿಲಿನ್, ಮೂರನೇ ದಿನ."

"ಅಮ್ಮಾ, ನೀವು ಬರೆದಿದ್ದೆಲ್ಲ ಸರಿ. ಕೆಂಪು ಶಾಯಿ ಮಾತ್ರ ತಪ್ಪು ಸಾಲಿಗೆ ಬಿದ್ದಿದೆ. ಇನ್ಮೇಲೆ ಯಾವ ಡಾಕ್ಟರ ಹತ್ರ ಹೋದ್ರೂ ಮೊದಲು ಈ ಮಾತ್ರೆ ಹೆಸರು ಹೇಳಿ. ಅಲ್ಲದೆ, ನೆಗಡಿಗೆ ಇದು ಬೇಕಾಗೇ ಇರ್ಲಿಲ್ಲ."

ಮೈದುನನಿಗೆ ಫೋನ್ ಮಾಡಿ ಸರಿಯಾಗಿ ಬೈದೆ. ಪಾಪ, ಮನೆಮನೆಗೆ ಹೋಗಿ ಕ್ಯಾಪ್ಸೂಲ್ ವಾಪಸ್ ತಂದ. ಕೊಟ್ಟ ಪ್ರಸಾದ ಹಿಂದಕ್ಕೆ ಕೇಳಿದ ಅರ್ಚಕ ನಮ್ಮ ವಂಶದಲ್ಲಿ ಇವನೊಬ್ಬನೇ.

ಮರುದಿನ ನಮ್ಮವರ ಊತ ಪೂರ್ತಿ ಇಳಿದಿತ್ತು. ಕೆಂಪು ಶಾಯಿಯಲ್ಲಿ ಅಮಾಕ್ಸಿಸಿಲಿನ್ ಎಂದು ದೊಡ್ಡದಾಗಿ ಬರೆದು, ಬದನೆಕಾಯಿಯನ್ನು ಹೊಡೆದುಹಾಕಲು ಹೋದೆ. ಅವರು ಕೈ ಹಿಡಿದರು.

"ಸುಮ್ನೆ ಹೊಡೆದುಹಾಕಿದ್ರೆ ಸಾಲ್ದು ಕಣೇ. ನಿರಪರಾಧಿ ಅಂತ ಬರಿ. ತಾರೀಖು ಹಾಕು. ಕೆಳಗೆ, ನಾಳೆ ಬೆಳಗ್ಗೆ ತಿಂಡಿ ಏನು ಅಂತಾನೂ ಬರಿ."