ಕನ್ನಡಿ ಅಂಗಡಿಗೊಂದು ಡೀಸೆಲ್ ಎಂಜಿನ್

"ಗಾಡಿ ಆರಿಸೋದು ನನಗೆ ಬಿಡು. ಎಂಜಿನ್ನಿನ ಸದ್ದು ಒಂದ್ಸಲ ಕಿವಿಗೆ ಬಿದ್ರೆ ಸಾಕು, ಅದರ ಹುಟ್ಟು, ಗುಣ, ಆಯಸ್ಸು ಎಲ್ಲಾ ಹೇಳ್ಬಿಡ್ತೀನಿ!"

ಹೀಗೆಂದು ಅಂಗಡಿಯ ನಡುವೆ ನಿಂತು ಘೋಷಿಸಿದವನು ಮೂಲೆಮಟ್ಟ. ಅದು ಹೆತ್ತವರು ಇಟ್ಟ ಹೆಸರಲ್ಲ. ಮೂಲೆ ನೇರವಾಗಿದೆಯೇ ಎಂದು ನೋಡಲು ಬಡಗಿಗಳು ಬಳಸುವ ಮೂಲೆಮಟ್ಟವನ್ನು ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದುದಕ್ಕೆ ಬೀದಿಯವರು ದಯಪಾಲಿಸಿದ ಬಿರುದು. ಯಾರ ಮನೆಗೆ ಹೋದರೂ ಮೊದಲು ಅವರ ಮೇಜಿನ ಮೂಲೆ ಅಳೆದು, "ಸ್ವಲ್ಪ ಸೊಟ್ಟ ಇದೆ" ಎಂದು ಸಾರಿದ ಮೇಲೆಯೇ ಕುಶಲಪ್ರಶ್ನೆ.

ಗಂಡ ಹೆಂಡತಿ ಸೇರಿ ನಡೆಸುತ್ತಿದ್ದುದು ಕನ್ನಡಿ ಅಂಗಡಿ. ಮರದ ಚೌಕಟ್ಟು ಅವನದು, ಗಾಜು ಅವಳದು. ಅವಳು ಗಾಜಿನ ಮೇಲೆ ಒಂದೇ ಒಂದು ಗೀಟು ಎಳೆದು ಟಕ್ಕೆಂದು ಮುರಿದರೆ ಅಂಚು ದಾರ ಹಿಡಿದಂತೆ ಬರುತ್ತಿತ್ತು. ಅವಳ ಮಾತೂ ಹಾಗೆಯೇ. ಒಂದು ಗೀಟು, ಒಂದು ಟಕ್.

ಅವರ ಹಳೆಯ ಮೂರು ಚಕ್ರದ ಗಾಡಿ ನಡುರಸ್ತೆಯಲ್ಲಿ ಕೊನೆಯುಸಿರೆಳೆದಿತ್ತು. ಇತ್ತ ಹೊಸ ಬ್ಯೂಟಿ ಪಾರ್ಲರಿನವಳ ಆಳೆತ್ತರದ ಕನ್ನಡಿ ಸಿದ್ಧವಾಗಿ ಗೋಡೆಗೊರಗಿ ನಿಂತಿತ್ತು. ಅಷ್ಟು ದೊಡ್ಡ ಗಾಜು ಇನ್ನೊಂದು ಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕು. ಪಾರ್ಲರ್ ತೆರೆಯುವುದೋ ನಾಳೆ ಮಧ್ಯಾಹ್ನ. ಆದ್ದರಿಂದ ಹಳೆಯದಾದರೂ ಸರಿ, ಒಂದು ಪಿಕಪ್ ಬೇಕೇ ಬೇಕಿತ್ತು.

ಕಣ್ಣಿಗೆ ಬಿದ್ದಿದ್ದವು ಎರಡು. ಒಂದು ಪೆಟ್ರೋಲಿನದು. ಹೂಗಿಡ ಮಾರುತ್ತಿದ್ದು ಈಗ ಮಂಡಿನೋವಿನಿಂದ ವ್ಯಾಪಾರ ಬಿಟ್ಟಿರುವ ಹೂಕುಂಡದಮ್ಮನ ಗಾಡಿ. ಆಕೆ ಎಂಜಿನ್ ಶುರು ಮಾಡಿದಾಗ ಮಡಿಲಲ್ಲಿ ಮಲಗಿದ ಬೆಕ್ಕು ಗುರುಗುಟ್ಟಿದಂತಾಯಿತು.

ಮೂಲೆಮಟ್ಟ ಮೂಗು ಮುರಿದ. "ಇದು ಎಂಜಿನ್ನಾ, ಹೊಲಿಗೆ ಮೆಷಿನ್ನಾ?"

"ಹೊಲಿಗೆ ಮೆಷಿನ್ ಸದ್ದು ಮಾಡಿದ್ರೆ ಕೊನೆಗೆ ಒಂದು ಅಂಗಿಯಾದ್ರೂ ಸಿಗುತ್ತಪ್ಪಾ" ಎಂದಳು ಹೂಕುಂಡದಮ್ಮ, ಅವನನ್ನೇ ಅಡಿಯಿಂದ ಮುಡಿವರೆಗೆ ನೋಡುತ್ತಾ. "ನಾಳೆ ಸಂಜೆ ಇನ್ನೊಬ್ರು ನೋಡೋಕೆ ಬರ್ತಾರೆ. ಬೇಕಿದ್ರೆ ಅಷ್ಟರೊಳಗೆ ಹೇಳಿ."

ಇನ್ನೊಂದು ಡೀಸೆಲ್ಲಿನದು, ದಲ್ಲಾಳಿಯ ಅಂಗಳದಲ್ಲಿತ್ತು. ಅದು ಶುರುವಾದ ಅಬ್ಬರಕ್ಕೆ ತಂತಿಯ ಮೇಲಿನ ಕಾಗೆಗಳೆಲ್ಲ ಎದ್ದು ಹೋದವು. ಮೂಲೆಮಟ್ಟನ ಮುಖದಲ್ಲಿ ಸಂಗೀತ ಕಛೇರಿಯ ಮುಂದಿನ ಸಾಲಿನಲ್ಲಿ ಕೂತವನ ತನ್ಮಯತೆ!

"ಇದರ ವಿಶೇಷ ಏನು ಗೊತ್ತಾ ಸಾರ್?" ದಲ್ಲಾಳಿ ದನಿಯೇರಿಸಿ ಕೂಗಿದ. ಮೆಲ್ಲಗೆ ಹೇಳಿದರೆ ಕೇಳಿಸುವಂತಿರಲಿಲ್ಲ. "ಬೆಳಿಗ್ಗೆ ಒಂದ್ಸಲ ಸ್ಟಾರ್ಟ್ ಮಾಡಿದ್ರೆ ಮುಗೀತು, ಸಂಜೆವರೆಗೂ ಆಫ್ ಮಾಡೋ ಮಾತೇ ಇಲ್ಲ!"

"ನೋಡಿದ್ಯಾ? ದಣಿವು ಅನ್ನೋದೇ ಇಲ್ಲ ಇದಕ್ಕೆ!" ಮೂಲೆಮಟ್ಟ ಹೆಂಡತಿಯ ಕಡೆ ತಿರುಗಿದ.

"ಆಫ್ ಮಾಡಿದ್ರೆ ಏನಾಗುತ್ತೆ?" ಹೆಂಡತಿ ಕೇಳಿದಳು.

"ಇಷ್ಟು ಒಳ್ಳೆ ಗಾಡೀನ ಯಾಕಮ್ಮಾ ಆಫ್ ಮಾಡ್ಬೇಕು?" ಎಂದ ದಲ್ಲಾಳಿ, ನಿಜವಾಗಿಯೂ ನೊಂದವನಂತೆ. "ನಾಳೆ ಒಂದಿನ ಓಡಿಸಿ ನೋಡಿ. ಆಮೇಲೆ ಮಾತಾಡೋಣ."

ಆ ರಾತ್ರಿಯ ಊಟದ ಜೊತೆಗೆ ಡೀಸೆಲ್ಲಿನ ಮಹಿಮೆಯನ್ನೂ ಬಡಿಸಲಾಯಿತು.

"ಡೀಸೆಲ್ ಅಂದ್ರೆ ಎಳೆಯೋ ಶಕ್ತಿ ಕಣೇ! ಎಷ್ಟು ಭಾರ ಹಾಕಿದ್ರೂ ಗುಡ್ಡ ಹತ್ತಿಬಿಡುತ್ತೆ."

"ನಮ್ಮೂರಲ್ಲಿ ಗುಡ್ಡ ಎಲ್ಲಿದೆ?"

"ಮುಂದೆ ಬಂದ್ರೆ?"

"ಗುಡ್ಡ ಬರುತ್ತಾ?"

ಮೂಲೆಮಟ್ಟ ಅನ್ನ ಕಲಸಿದ. ಕಲಸಿದ್ದನ್ನೇ ಮತ್ತೆ ಕಲಸಿದ.

"ಖರ್ಚು ನೋಡು, ಖರ್ಚು! ಪೆಟ್ರೋಲ್ ಕುಡಿದಷ್ಟು ಇದು ಕುಡಿಯೋದಿಲ್ಲ."

"ದಿನಾ ದೂರ ಓಡಿಸೋರಿಗೆ ಆ ಮಾತು ಸರಿ ರೀ. ನಾವು ಗಾಡಿ ತೆಗೆಯೋದು ವಾರಕ್ಕೆ ಎರಡು ಸಲ, ಅದೂ ಊರೊಳಗೆ. ಸಾಗಿಸೋದು ಕನ್ನಡಿ, ಕಲ್ಲುಬಂಡೆ ಅಲ್ಲ. ಗಾಜಿಗೆ ಬೇಕಾಗಿರೋದು ಶಕ್ತಿಯಲ್ಲ, ಸಮಾಧಾನ."

"ನಿನಗೆ ಎಂಜಿನ್ ವಿಷಯ ಗೊತ್ತಾಗಲ್ಲ ಬಿಡು."

"ಆಯ್ತು. ಗಾಜಿನ ವಿಷಯ ನಾಳೆ ನಿಮಗೆ ಗೊತ್ತಾಗುತ್ತೆ ಬಿಡಿ" ಎಂದು ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಟಕ್.

ಮರುದಿನ ಡೀಸೆಲ್ ಪಿಕಪ್ ಗುಡುಗುತ್ತಾ ಅಂಗಡಿಯ ಮುಂದೆ ಬಂದು ನಿಂತಿತು. ಗಾಜನ್ನು ಮಲಗಿಸಿ ಸಾಗಿಸುವಂತಿಲ್ಲ, ನಿಲ್ಲಿಸಿಯೇ ಒಯ್ಯಬೇಕು. ಕನ್ನಡಿಯ ಮುಖವನ್ನು ಒಳಕ್ಕೆ ತಿರುಗಿಸಿ, ಕಂಬಳಿ ಸುತ್ತಿ, ಹಗ್ಗ ಬಿಗಿಯುವುದು ಅಂಗಡಿಯ ಪದ್ಧತಿ. ಮೂಲೆಮಟ್ಟ ಅಂದು ಪದ್ಧತಿಯನ್ನೇ ಬದಲಾಯಿಸಿದ.

"ಕಣ್ಣು ನೋಯಿಸ್ಕೊಂಡು ಬಳ್ಳಿ ಕೆತ್ತಿದ್ದೀನಿ. ಅದು ಕಂಬಳಿಯೊಳಗೆ ಉಸಿರು ಕಟ್ಕೊಂಡು ಹೋಗ್ಬೇಕಾ? ನೋಡ್ಲಿ, ಬೀದಿ ನೋಡ್ಲಿ!"

ಹೀಗೆ ಕನ್ನಡಿ ಹಿಂದಿನ ರಸ್ತೆಯ ಕಡೆ ಮುಖ ಮಾಡಿ, ಬರಿಮೈಯಲ್ಲಿ ನಿಂತಿತು. ಹಗ್ಗ ಬಳ್ಳಿಯನ್ನು ಮುಚ್ಚೀತೆಂದು ಹಗ್ಗವೂ ಬೇಡವಾಯಿತು. ಅದರ ಬದಲು ಅಂಚನ್ನು ಗಾಡಿಗೆ ಕಚ್ಚಿ ಹಿಡಿಯಲು ನಾಲ್ಕಾರು ಕಬ್ಬಿಣದ ಹಿಡಿಕೆಗಳು, ಅವಕ್ಕೆ ಕೈಯಲ್ಲೇ ತಿರುಗಿಸುವ ನಟ್ಟುಗಳು.

"ನಾನು ಬಿಗಿಸಿದ ನಟ್ಟು. ಭೂಕಂಪ ಆದ್ರೂ ಜಗ್ಗಲ್ಲ!"

ಭೂಕಂಪ ಹೊರಗಿನಿಂದ ಬರಬೇಕಾಗಿರಲಿಲ್ಲ, ಬಾನೆಟ್ಟಿನ ಕೆಳಗೇ ಇತ್ತು. ಹೆಂಡತಿ ಸ್ಟಿಯರಿಂಗ್ ಹಿಡಿದಳು. ಎಂಜಿನ್ನಿನ ನಾದಕ್ಕೆ ಕಿವಿಗೊಡಬೇಕಾಗಿದ್ದರಿಂದ ಮೂಲೆಮಟ್ಟ ಪಕ್ಕದ ಸೀಟಿನಲ್ಲಿ ಆಸೀನನಾದ. ಓಡುತ್ತಿರುವವರೆಗೆ ಗಾಡಿ ಹೇಗೋ ಮರ್ಯಾದೆ ಕಾಪಾಡಿಕೊಂಡಿತು. ರೈಲ್ವೆ ಗೇಟು ಹಾಕಿತ್ತು, ನಿಲ್ಲಬೇಕಾಯಿತು. ನಿಂತದ್ದೇ ತಡ, ಅದರ ನಿಜವಾದ ಕುಣಿತ ಆರಂಭವಾಯಿತು! ಅವಳ ಕನ್ನಡಕ ಮೂಗಿನಿಂದಿಳಿದು ತುಟಿಯ ಮೇಲೆ ಕೂತಿತು. ಅವನ ಹಲ್ಲುಗಳು ತಮ್ಮ ತಮ್ಮಲ್ಲೇ ಮಾತಿಗಿಳಿದವು.

ಹಿಂದಿನಿಂದ ಠಣ್ ಎಂದಿತು.

"ಏನ್ರೀ ಅದು?"

"ರಸ್ತೇಲಿ ಏನೋ ಸಿಕ್ಕಿರ್ಬೇಕು."

"ಗಾಡಿ ನಿಂತಿದೆ ರೀ!"

ಠಣ್. ಠಣ್.

"ಅಯ್ಯೋ, ನಟ್ಟು! ಎಂಜಿನ್ ಆಫ್ ಮಾಡೇ!"

"ಮಾಡ್ತೀನಿ. ಆಮೇಲೆ ಗಾಡೀನ ಹೊತ್ಕೊಂಡು ಹೋಗ್ತೀರಾ, ಕನ್ನಡೀನಾ? ಇಳೀರಿ, ಇಳಿದು ಹಿಡ್ಕೊಳ್ಳಿ!"

ಅವನು ಹಿಂದಕ್ಕೆ ಓಡಿ ಏರುವಷ್ಟರಲ್ಲಿ ಕೊನೆಯ ನಟ್ಟು ಕಣ್ಣೆದುರೇ ತನ್ನಷ್ಟಕ್ಕೆ ತಾನು ತಿರುಗುತ್ತಾ ಬಂದು, ಚರಂಡಿಗೆ ಹಾರಿತು. ಕನ್ನಡಿ ಸಣ್ಣಗೆ ವಾಲಿತು. ಅದು ಬಿದ್ದರೆ ಪಾರ್ಲರಿನವಳ ಶುಭಾರಂಭವೂ ಹೋಯಿತು, ಅಂಗಡಿಯ ಹೆಸರೂ ಹೋಯಿತು. ಮೂಲೆಮಟ್ಟ ಕನ್ನಡಿಯ ಬೆನ್ನಿಗೆ ಎದೆಯಾನಿಸಿ, ಎರಡೂ ಕೈ ಚಾಚಿ ಗಟ್ಟಿಯಾಗಿ ತಬ್ಬಿಕೊಂಡ. ಹಿಂದೆ ನಿಂತವರಿಗೆ ಕಂಡದ್ದು ಇಷ್ಟೇ: ಒಂದು ಭವ್ಯ ಕನ್ನಡಿ, ಅದರ ಎರಡು ಅಂಚಿನಲ್ಲಿ ಬೆರಳುಗಳು, ಕೆಳಗೆ ಅಂಚಿನ ಆಚೀಚೆ ಇಣುಕುವ ಒಂದು ಜೊತೆ ಬೂಟು.

ಕೆಲಸವಿಲ್ಲದೆ ಗೇಟು ಕಾಯುತ್ತಿದ್ದ ಜನಕ್ಕೆ ಇದಕ್ಕಿಂತ ಉಪಕಾರ ಬೇಕೇ? ಸ್ಕೂಟರಿನವನೊಬ್ಬ ಹೆಲ್ಮೆಟ್ ತೆಗೆದು ತಲೆ ಬಾಚಿಕೊಂಡ. ಕಾರಿನಾಕೆ ಕಿಟಕಿಯಿಂದ ಕತ್ತು ಹೊರಹಾಕಿ ಹಲ್ಲಿನ ಸಂದಿ ಪರೀಕ್ಷಿಸಿದಳು.

"ಸ್ವಲ್ಪ ಎಡಕ್ಕೆ ತಿರುಗಿಸ್ರೀ" ಎಂದಳು ಬೆರಳುಗಳನ್ನು ಉದ್ದೇಶಿಸಿ. "ಬಲಗಡೆಯವರೊಬ್ರೇ ನೋಡ್ಕೊಂಡ್ರೆ ಹೇಗೆ?"

ಸೈಕಲ್ ಹಿಡಿದು ನಿಂತಿದ್ದ ಅಜ್ಜನೊಬ್ಬ ಕನ್ನಡಿಯಲ್ಲಿ ತನ್ನ ಮುಖ ಗಡಗಡ ಅದುರುವುದನ್ನು ಕಂಡು ಹೌಹಾರಿದ. "ಬೆಳಿಗ್ಗೆ ಮಾತ್ರೆ ನುಂಗಿದ್ದೀನಲ್ಲಾ! ಯಾಕೆ ಹೀಗೆ ನಡುಗ್ತಿದ್ದೀನಿ?"

"ಅ-ಅ-ಅಜ್ಜಾ, ಅ-ಅದು ನೀ-ನೀವಲ್ಲ, ನಾ-ನಾನು!" ಎಂದಿತು ಕನ್ನಡಿ. ಅಜ್ಜ ಸೈಕಲನ್ನು ಅಲ್ಲಿಯೇ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದ.

ಗೇಟು ತೆರೆಯಿತು. "ನಿ-ನಿಧಾನ!" ಮೂಲೆಮಟ್ಟ ಕೂಗಿದ.

"ನಿಧಾನ ಹೋದ್ರೆ ನಡುಕ ಜಾಸ್ತಿ, ಜೋರು ಹೋದ್ರೆ ಗುಂಡಿ ಜಾಸ್ತಿ. ಯಾವುದು ಬೇಕು ಹೇಳಿ!" ಮುಂದಿನಿಂದ ಉತ್ತರ ಬಂತು. ಆರಿಸುವ ಅಧಿಕಾರ ಸಿಕ್ಕಿಯೂ ಅವನಿಗೆ ಆರಿಸಲಾಗಲಿಲ್ಲ.

ವೃತ್ತದಲ್ಲಿ ಕನ್ನಡಿಯ ಬಿಸಿಲು ಪೊಲೀಸಿನವನ ಕಣ್ಣಿಗೆ ಹೊಡೆಯಿತು. ಅವನು ಸೀಟಿ ಊದಲು ಬಾಯಿಗಿಟ್ಟು, ಅಷ್ಟರಲ್ಲಿ ತನ್ನನ್ನು ತಾನೇ ಕಂಡು, ಟೋಪಿ ಸರಿಮಾಡಿಕೊಂಡು, ಹೊಟ್ಟೆ ಒಳಗೆಳೆದು, ಹೋಗಲು ಕೈ ತೋರಿಸಿದ.

ಕನ್ನಡಿ ಒಂದು ಗೀರೂ ಇಲ್ಲದೆ ಪಾರ್ಲರಿನ ಗೋಡೆ ಸೇರಿತು. ಪಾರ್ಲರಿನವಳು ಹಿಗ್ಗಿ, ಮೂಲೆಮಟ್ಟನಿಗೊಂದು ಲೋಟ ನೀರು ಕೊಟ್ಟಳು. ಅರ್ಧ ಅಂಗಿ ಕುಡಿಯಿತು, ಅರ್ಧ ನೆಲ ಕುಡಿಯಿತು.

"ಪಾಪ, ಚಳಿಜ್ವರಾನಾ?"

"ಇಲ್ಲ" ಎಂದಳು ಹೆಂಡತಿ. "ಡೀಸೆಲ್ಲು."

ಮೂಲೆಮಟ್ಟ ಗೋಡೆಗೊರಗಿದ. ಹೊರಗೆ ಗಾಡಿ ಇನ್ನೂ ಗುಡುಗುತ್ತಲೇ ಇತ್ತು. ಅವನು, ದೊಡ್ಡ ಮನಸ್ಸು ಮಾಡಿದವನಂತೆ, "ನಿನಗೆ ಅಷ್ಟೊಂದು ಇಷ್ಟ ಇದ್ರೆ ಆ ಪೆಟ್ರೋಲ್ ಗಾಡೀನೇ ತಗೊಳ್ಳೋಣ. ನಿನ್ನ ಮಾತಿಗೆ ನಾನು ಯಾವತ್ತು ಅಡ್ಡಿ ಬಂದಿದ್ದೀನಿ?" ಎಂದ.

"ಹತ್ತಿ. ಇನ್ನೊಬ್ರು ಬರೋದ್ರೊಳಗೆ ಹೋಗ್ಬೇಕು."

ಅದೇ ಡೀಸೆಲ್ಲಿನಲ್ಲಿ, ಊರಿನ ಆ ತುದಿಯವರೆಗೆ, ಮತ್ತೊಂದು ಸುತ್ತು ನಡುಗಿಕೊಂಡು ಇಬ್ಬರೂ ಹೂಕುಂಡದಮ್ಮನ ಮನೆ ಮುಟ್ಟಿದರು. ಇನ್ನೊಬ್ಬರು ಬಂದಿರಲಿಲ್ಲ. ಡೀಸೆಲ್ಲನ್ನು ರಸ್ತೆಯಲ್ಲೇ ಗುಡುಗಲು ಬಿಟ್ಟು ಒಳಗೆ ಹೋದರು. ಪೆಟ್ರೋಲ್ ಪಿಕಪ್ ಅಂಗಳದಲ್ಲಿ ತಣ್ಣಗೆ ನಿಂತಿತ್ತು. ಹೆಂಡತಿ ಒಂದೇ ಮಾತಿನಲ್ಲಿ, "ನಮಗೆ ಒಪ್ಪಿಗೆ ಅಮ್ಮಾ" ಎಂದಳು.

ಆದರೆ ಪರೀಕ್ಷೆಯೇ ಇಲ್ಲದೆ ಗಾಡಿ ಕೊಳ್ಳುವುದೇ? ತಜ್ಞನೊಬ್ಬ ಖುದ್ದಾಗಿ ಬಂದಿರುವಾಗ?

"ಒಂದು ನಿಮಿಷ" ಎಂದು ಮೂಲೆಮಟ್ಟ ಕೈಯೆತ್ತಿ ಎಲ್ಲರನ್ನೂ ತಡೆದ. ರಸ್ತೆಯ ಗುಡುಗಿನಲ್ಲಿ ಕಿವಿಗೆ ಏನೂ ಕೇಳಿಸುವಂತಿರಲಿಲ್ಲ. ಅದಕ್ಕೇ ನೇರವಾಗಿ ಬಾನೆಟ್ಟಿನ ಮೇಲೆ ಅಂಗೈಯೂರಿ, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದ. ಮುಖದಲ್ಲಿ ಮೆಲ್ಲಗೆ ವಿಜಯದ ಕಳೆ ಮೂಡಿತು.

"ಸಿಕ್ಕಿತು! ನಾನು ನಿನ್ನೇನೇ ಹೇಳಿರ್ಲಿಲ್ವಾ? ಪೆಟ್ರೋಲ್ ನಡುಗೋದಿಲ್ಲ ಅನ್ನೋದೆಲ್ಲ ಬರೀ ಬೊಗಳೆ. ಬಾ, ನೀನೇ ಮುಟ್ಟಿ ನೋಡು. ಇದೂ ಹಾಗೇ ನಡುಗ್ತಿದೆ!"

ಹೂಕುಂಡದಮ್ಮ ಮುಷ್ಟಿ ಬಿಚ್ಚಿ ತೋರಿಸಿದಳು. ಕೀಲಿಕೈ ಅವಳ ಅಂಗೈಯಲ್ಲೇ ಇತ್ತು.

"ನಾನಿನ್ನೂ ಸ್ಟಾರ್ಟೇ ಮಾಡಿಲ್ಲಪ್ಪಾ."

ಮೂಲೆಮಟ್ಟ ಕಣ್ಣು ಬಿಟ್ಟ. ಬಾನೆಟ್ಟಿನ ಮೇಲೆ ಅವನ ಅಂಗೈ ಇನ್ನೂ ತಟತಟನೆ ತಾಳ ಹಾಕುತ್ತಿತ್ತು.

"ರೀ" ಎಂದಳು ಹೆಂಡತಿ ಮೆತ್ತಗೆ, "ಮೊದ್ಲು ಕೈ ತೆಗೀರಿ. ಇರೋ ನಟ್ಟೆಲ್ಲ ಸಡಿಲ ಆಗ್ತವೆ."