ಖಾಲಿ ಸೀಟು ಕಂಡರಾಗದ ಕಾಕಾ

ಸರಕಾರದವರು ನಮ್ಮ ಕಾಕಾನನ್ನು ಮೊದಲೇ ನೋಡಿದ್ದರೆ ನಮ್ಮೂರು ನಿಡೋಣಿಗೆ ಬಸ್ಸನ್ನೇ ಬಿಡುತ್ತಿರಲಿಲ್ಲ ಎಂದರೆ ನೀವು ನಗಬಹುದು. ಆದರೆ ಅವನ ಕಾರಿನಲ್ಲಿ ಕುಳಿತವರು ಯಾರೂ ನಗುವುದಿಲ್ಲ. ನಗಬೇಕಾದರೆ ಎದೆ ತುಸು ಹಿಗ್ಗಬೇಕು ನೋಡಿ, ಅಲ್ಲಿ ಅಷ್ಟು ಜಾಗ ಇರುವುದಿಲ್ಲ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಅವನದೊಂದು ಪೈಪಿನ ಅಂಗಡಿ. ದಿನಾ ಮುಂಜಾನೆ ನಿಡೋಣಿಯ ನಮ್ಮ ಮನೆಯಿಂದ ಅವನ ಬಿಳಿ ಕಾರು ಹೊರಡುತ್ತದೆ. ದಾರಿಯಲ್ಲಿ ಯಾರಾದರೂ ಕಂಡರೆ ಸಾಕು, ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. ಅವರು ಕೈ ಮಾಡಬೇಕೆಂದೇನೂ ಇಲ್ಲ. ಒಮ್ಮೆ ಒಬ್ಬ ಮುದುಕ ಬೇವಿನ ಮರದ ನೆರಳಿಗೆ ಸುಮ್ಮನೆ ಕುಳಿತಿದ್ದ. ಅವನನ್ನು ಎಬ್ಬಿಸಿ, ಕಾರು ಹತ್ತಿಸಿ, ವಿಜಯಪುರ ಮುಟ್ಟಿಸಿದ ಮೇಲೆ ಅವನು ಮೆಲ್ಲಗೆ ಹೇಳಿದ: "ನಾ ಎಲ್ಲಿಗೂ ಹೊಂಟಿರಲಿಲ್ಲಪಾ."

"ಮತ್ತ ಮೊದಲ ಯಾಕ ಹೇಳಲಿಲ್ಲ?"

"ನೀ ಅಷ್ಟ ಪ್ರೀತಿಲೇ ಕರದಿ. ಒಲ್ಲೆ ಅನ್ನೂದು ಹೆಂಗ?"

ಸಂಜೆ ಅಂಗಡಿ ಮುಚ್ಚಿದ ಕಾಕಾ ಅವನನ್ನು ಅದೇ ಮರದ ಕೆಳಗೆ ಇಳಿಸಿ ಬಂದ.

ನಾನಾಗ ವಿಜಯಪುರದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ನಮ್ಮೂರ ದರ್ಜಿಯ ಮಗಳು ಶಾಹೀನ್ ಮತ್ತು ನಾನು ಒಂದೇ ತರಗತಿಯ ಗೆಳತಿಯರು. ಮುಂಜಾನೆಯ ಬಸ್ಸು ಎಷ್ಟೋ ಸಲ ತುಂಬಿಕೊಂಡು ಬಂದು, ನಮ್ಮ ಮುಖಕ್ಕೆ ಧೂಳು ಹಾರಿಸಿ, ನಿಲ್ಲದೇ ಹೋಗುತ್ತಿತ್ತು. ಕಾಕಾನ ಕಾರು ಇರಲಿಲ್ಲವೇ ಎಂದು ಕೇಳುತ್ತೀರಾ? ಇತ್ತು. ಅದು ವಿಜಯಪುರ ಮುಟ್ಟುವ ಹೊತ್ತಿಗೆ ಕಾಲೇಜಿನಲ್ಲಿ ಎಲ್ಲರೂ ಊಟದ ಡಬ್ಬಿ ಬಿಚ್ಚಿರುತ್ತಿದ್ದರು.

ಈ ಕಾಟ ತಾಳಲಾರದೆ ನಾವಿಬ್ಬರೂ ಪ್ರಾಜೆಕ್ಟಿಗೆ ಒಂದು ಆ್ಯಪ್ ಮಾಡಲು ಹೊರಟೆವು. ಊರಿನಿಂದ ವಿಜಯಪುರಕ್ಕೆ ಕಾರು ಒಯ್ಯುವವರು ತಮ್ಮಲ್ಲಿ ಎಷ್ಟು ಸೀಟು ಖಾಲಿ ಇವೆ ಎಂದು ಅದರಲ್ಲಿ ಹಾಕಬೇಕು. ಬೇಕಾದ ವಿದ್ಯಾರ್ಥಿಗಳು ಹಿಂದಿನ ದಿನವೇ ಸೀಟು ಹಿಡಿಯಬೇಕು. ಆ್ಯಪ್ ಸಿದ್ಧವಾಯಿತು, ಕಾರಿನವರು ಮಾತ್ರ ಸಿಗಲಿಲ್ಲ. ಯಾರು ಬಂದರು ಹೇಳಿ? ಕಾಕಾನೇ ಬಂದ.

"ನಾಕ ಸೀಟ ಅಂತ ಯಾಕ ಬರದಿ? ಎಂಟ ಬರಿ," ಎಂದ.

"ಕಾಕಾ, ಕಾರಿನ್ಯಾಗ ಇರೂದ ನಾಕ."

"ಅದು ಕಾರ್ ಮಾಡಿದವರ ಲೆಕ್ಕ. ಅವರು ನಮ್ಮೂರ ಮಂದಿನ್ನ ನೋಡಿಲ್ಲ."

ಮೊದಲ ದಿನ ದಾರಿಯಲ್ಲಿ ಸಿಗುವ ಬಬಲೇಶ್ವರದ ಹುಡುಗನೊಬ್ಬ ಸೀಟು ಹಿಡಿದಿದ್ದ. ಕಾರಿನ ಬಾಗಿಲು ತೆಗೆದು ನೋಡಿದರೆ ಅವನ ಸೀಟಿನಲ್ಲಿ ಬದನೆಕಾಯಿ ಬುಟ್ಟಿ ಹಿಡಿದ ಅಜ್ಜಿಯೊಬ್ಬಳು ಕುಳಿತಿದ್ದಾಳೆ. ಅವನು ಮೊಬೈಲು ತೋರಿಸಿ, "ಅಜ್ಜೀ, ಈ ಸೀಟ ನಂದ್ರಿ. ನಿನ್ನೀನ ಹಿಡದೇನಿ," ಎಂದ.

ಅಜ್ಜಿ ಮೊಬೈಲನ್ನು ಸಮಾಧಾನವಾಗಿ ನೋಡಿದಳು. "ನೀ ಮೊಬೈಲ್‌ನ್ಯಾಗ ಹಿಡದಿ ಯಪ್ಪಾ. ನಾ ಕುಂತ ಹಿಡದೇನಿ."

ಹುಡುಗ ವಿಜಯಪುರದವರೆಗೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ಇಳಿದವನೇ ಆ್ಯಪಿನಲ್ಲಿ ಕಾಕಾನಿಗೆ ಐದರಲ್ಲಿ ಒಂದೇ ಸ್ಟಾರ್ ಕೊಟ್ಟ. ಕಾಕಾ ಬೇಸರ ಮಾಡಿಕೊಳ್ಳಲಿಲ್ಲ. ಪ್ರಯಾಣಿಕರ ಬಗ್ಗೆ ಕಾರಿನವರೂ ಬರೆಯಬಹುದು ಎಂದು ಅವನಿಗೆ ಗೊತ್ತಾಗಿತ್ತು. ಅವನು ಹುಡುಗನ ಹೆಸರಿನ ಕೆಳಗೆ ಬರೆದ: "ಇವರಜ್ಜ ಭಾಳ ದೊಡ್ಡ ಮನಷ್ಯಾ. ಅಪ್ಪನೂ ಅಡ್ಡಿಯಿಲ್ಲ. ಇವ ಬಾಗಿಲಾ ಧಡ್ಡನ ಹಾಕ್ತಾನ." ಹೀಗೆ ಬರೆದು ಐದು ಸ್ಟಾರ್ ಕೊಟ್ಟ. ಯಾಕೆಂದು ಕೇಳಿದರೆ, "ಮಂದಿ ಮಕ್ಕಳಿಗೆ ಕಡಿಮಿ ಹಾಕಬಾರದವ್ವಾ," ಎಂದ.

ಇಷ್ಟರಲ್ಲಿ ಪ್ರ್ಯಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತು. ತಡವಾಗಿ ಹೋದವರನ್ನು ಒಳಗೆ ಬಿಡುವುದಿಲ್ಲ. ಶಾಹೀನಳ ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಇದೊಂದು ತಪ್ಪಿತಂದ್ರ ಸಾಲಿ ಸಾಕು. ರಸ್ತಾದಾಗ ನಿಂತ ದಿನಾ ಕಳಿಯೂದಕ್ಕಿಂತ ಹೊಲಿಗಿ ಕಲಿಲಿ." ನಾನು ಅವರ ಅಂಗಡಿಗೆ ಹೋಗಿ, ಆ್ಯಪಿನಲ್ಲಿ ಬೇರೆ ಕಾರು ನೋಡುತ್ತೇವೆ ಎಂದೆ. ಅವರು ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದರು: "ಆ್ಯಪು ಅಂತಿ. ಅದು ಯಾರ ಮನಿತನದ್ದವಾ?"

ಅಂಗಿಯ ಅಳತೆ ಕೊಡಲು ಬಂದಿದ್ದ ಕಾಕಾ ಹಿಂದಿನಿಂದ, "ನನ್ನ ಮನಿತನದ್ದು," ಎಂದ. "ಪರೀಕ್ಷಾಕ್ಕ ಇಬ್ಬರನ್ನೂ ನಾ ಒಯ್ತೇನಿ. ಹೊತ್ತಿಗಿ ಸರಿಯಾಗಿ."

"ಹೊತ್ತಿಗಿ ಸರಿಯಾಗಿ? ನೀನಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಕಾಕಾನೂ ನಕ್ಕ. ಆದರೆ ಅಂಗಿಯ ಅಳತೆ ಕೊಡದೆಯೇ ಮನೆಗೆ ಹೊರಟ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಶಾಹೀನ್ ಪಾಸಾದಳು. ಆ್ಯಪೂ ಪಾಸಾಯಿತು. ಈಗ ತಿಕೋಟಾ ಕಡೆಯ ಹುಡುಗರೂ ಅದರಲ್ಲಿ ಸೀಟು ಹಿಡಿಯುತ್ತಾರೆ, ಕಾರಿನವರೂ ಸಾಕಷ್ಟು ಜನ ಸೇರಿದ್ದಾರೆ. ಆದರೆ ಆ ಆ್ಯಪಿನ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಪರೀಕ್ಷೆಯ ಮುಂಜಾನೆ.

ಅಂದು ನಾವು ಚಹಾ ಕುಡಿಯುವುದರೊಳಗೆ ಕಾಕಾ ಕಾರು ಹೊರಗೆ ತಂದು ಹಾರ್ನ್ ಹೊಡೆಯುತ್ತಿದ್ದ. ನಾವಿಬ್ಬರು ಹಿಂದೆ ಕುಳಿತೆವು. ಊರು ದಾಟುವಾಗ ಅವನ ಹಳೆಯ ಗೆಳೆಯನೊಬ್ಬ ರಸ್ತೆಗೆ ಬಂದು ನಿಂತಿದ್ದ. ಕಾರು ನಿಂತೇ ನಿಲ್ಲುತ್ತದೆ ಎಂದು ನಾನು ಪುಸ್ತಕ ಮುಚ್ಚಿದೆ. ನಿಲ್ಲಲಿಲ್ಲ. ಮುಂದೆ ಕೂಸನ್ನು ಎತ್ತಿಕೊಂಡ ಹೆಣ್ಣುಮಗಳು, ಅದರ ಮುಂದೆ ಹಾಲಿನ ಕ್ಯಾನಿನ ಮನುಷ್ಯ. ಕಾಕಾ ಯಾರನ್ನೂ ನೋಡದೆ, ಒಂದು ಕೈಯನ್ನು ಎದೆಯ ಮೇಲಿಟ್ಟುಕೊಂಡು, "ತಪ್ಪ ತಿಳಕೋಬ್ಯಾಡ್ರೆಪಾ, ಇವತ್ತೊಂದಿನ," ಎನ್ನುತ್ತಾ ಹೋದ. ಏರಿಸಿದ್ದ ಗಾಜಿನೊಳಗಿನಿಂದ ಅದು ಯಾರಿಗೆ ಕೇಳಬೇಕು?

ನಾವು ಮುಟ್ಟಿದಾಗ ಪರೀಕ್ಷಾ ಕೋಣೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಶಾಹೀನ್ ಇಳಿದು, "ಕಾಕಾ, ನಾಷ್ಟಾ ಮಾಡಿ ಅಂಗಡಿಗಿ ಹೋಗ್ರಿ," ಎಂದಳು. ಅವನು ತಲೆಯಾಡಿಸಿ ಕಾರು ತಿರುಗಿಸಿದ. ಅದು ಗುಡಿಯ ಕಡೆಗಲ್ಲ, ನಾವು ಬಂದ ರಸ್ತೆಗೇ ಹೊರಳಿತು.

"ಅಂಗಡಿ ಈ ಕಡಿ ಐತಿ ಕಾಕಾ, ಅತ್ತಾಗ ಎಲ್ಲಿ ಹೊಂಟಿ?" ಎಂದು ನಾನು ಕೂಗಿದೆ.

ಕಾಕಾ ಗಾಜು ಇಳಿಸಿದ.

"ಅವರೆಲ್ಲಾ ಇನ್ನೂ ಅಲ್ಲೇ ನಿಂತಿರತಾರವ್ವಾ," ಎಂದ.